ಪ್ರಣಾಳಿಕೆಯಲ್ಲಿ ನಮ್ಮದೂ ಒಂದು ಸಾಲು: ಅಂಗನವಾಡಿ ಸಂಘದವರಿಗೆ

ನಾನು 31 ವರ್ಷ ಅಂಗನವಾಡಿ ಟೀಚರ್ ಆಗಿದ್ದವಳು. ಅದರಲ್ಲಿ 14 ವರ್ಷ ತಾಲೂಕು ಸಂಘದ ಕಾರ್ಯದರ್ಶಿ. ನಿವೃತ್ತಿಯಾದ ಮೇಲೂ ಹುಡುಗಿಯರು ಫೋನ್ ಮಾಡುತ್ತಾರೆ. "ಅಕ್ಕಾ, ಎಲೆಕ್ಷನ್ ಬರ್ತಿದೆ, ಪಕ್ಷದವರ ಹತ್ರ ಏನು ಕೇಳೋಣ?" ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ದುಡ್ಡು ಯಾರ ಜೇಬಿನಿಂದ ಬರುತ್ತದೆ ಅಂತ ತಿಳಿದುಕೊಳ್ಳಿ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ನಮ್ಮ ತಿಂಗಳ ಗೌರವಧನವನ್ನು 3,000ದಿಂದ 4,500ಕ್ಕೆ ಏರಿಸಿತು. ಅದರಲ್ಲೂ ಅವರು ಕೊಡುವುದು ನೂರಕ್ಕೆ 60, ಅಂದರೆ 2,700 ರೂಪಾಯಿ. ಮಿಕ್ಕಿದ್ದೆಲ್ಲ ರಾಜ್ಯದ್ದು. 2023ರಲ್ಲಿ 11,500 ಪಡೆಯುತ್ತಿದ್ದ ಟೀಚರಿಗೆ 8,800 ಬರುತ್ತಿದ್ದದ್ದು ರಾಜ್ಯದಿಂದಲೇ. ಹಾಗಾಗಿ ವಿಧಾನಸಭೆ ಚುನಾವಣೆಗೆ ಒಂದು ಮನವಿ, ಲೋಕಸಭೆಗೆ ಬೇರೆ ಮನವಿ. ನಾವು ಮೊದಮೊದಲು ಒಂದೇ ಪತ್ರ ಜೆರಾಕ್ಸ್ ಮಾಡಿಸಿ ಎಲ್ಲರಿಗೂ ಹಂಚುತ್ತಿದ್ದೆವು. ಎಂಎಲ್‌ಎ "ಅದು ಕೇಂದ್ರದ್ದಮ್ಮಾ" ಅನ್ನುತ್ತಿದ್ದರು. ಎಂಪಿ "ರಾಜ್ಯದವರು ಕೊಡಬೇಕು" ಅನ್ನುತ್ತಿದ್ದರು. ಅವರ ಆಟಕ್ಕೆ ನಾವೇ ಚೆಂಡು.

ಮನವಿ ಒಂದೇ ಪುಟ ಇರಲಿ. ನಮ್ಮ ಹಳೇ ಪತ್ರದಲ್ಲಿ 23 ಬೇಡಿಕೆ ಇದ್ದವು. ಅಷ್ಟು ಯಾರು ಓದುತ್ತಾರೆ? ಮೂರು ಸಾಕು. ಪ್ರಣಾಳಿಕೆ ಬರೆಯುವವರು ಹಾಗೇ ನಕಲು ಮಾಡಿಕೊಳ್ಳುವಂತೆ ಬರೆಯಿರಿ. "ನ್ಯಾಯವಾದ ವೇತನ ಕೊಡಿ" ಅಂದರೆ "ಪರಿಶೀಲಿಸುತ್ತೇವೆ" ಅಂತ ಅಚ್ಚಾಗಿ ಬರುತ್ತದೆ. ಮೊತ್ತ ಬೇಕು. ಜೊತೆಗೆ ತಾರೀಖೂ ಬೇಕು.

ಈ ತಾರೀಖಿನ ಬುದ್ಧಿ ನನಗೆ ತಡವಾಗಿ ಬಂತು. 2023ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಗೌರವಧನವನ್ನು 11,500ರಿಂದ 15,000ಕ್ಕೆ ಏರಿಸುವ ಮಾತು ಕೊಟ್ಟಿತು. ಆ ಸಾಲನ್ನು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ಅವರದೇ ಸರ್ಕಾರವೂ ಬಂತು. 2025ರ ಮಾರ್ಚ್ ಬಜೆಟ್‌ನಲ್ಲಿ ಟೀಚರಿಗೆ ಬರೀ 1,000, ಸಹಾಯಕಿಗೆ 750 ಹೆಚ್ಚಳ ಅಂದರು. ನಮ್ಮ ತಾಲೂಕಿನ ಮನವಿಯಲ್ಲಿ ಮೊತ್ತ ಇತ್ತು, ಯಾವ ಬಜೆಟ್‌ನಲ್ಲಿ ಅಂತ ಇರಲಿಲ್ಲ. ಬರೆದವಳು ನಾನೇ. "ಮೊದಲ ಬಜೆಟ್‌ನಲ್ಲಿ ಇಷ್ಟು, ಎರಡನೆಯದರಲ್ಲಿ ಇಷ್ಟು" ಅಂತ ನೀವು ಬರೆಯಿರಿ.

ಮೂರು ಬೇಡಿಕೆಯಲ್ಲಿ ಒಂದಾದರೂ ಮಕ್ಕಳ ವಿಷಯ ಇರಲಿ. ಸರ್ಕಾರಿ ಶಾಲೆಯಲ್ಲಿ ಎಲ್‌ಕೆಜಿ ಶುರುವಾಗುತ್ತದೆ ಅಂದಾಗ "ನಮ್ಮ ಕೆಲಸ ಹೋಗುತ್ತೆ" ಅಂತ ಕೂಗಿದೆವು. ಊರಿನವರು ಸುಮ್ನೆ ಕೇಳಿಸಿಕೊಂಡು ಹೋದರು. ಆಮೇಲೆ ತಾಯಂದಿರ ಸಭೆ ಕರೆದೆವು. "ಮೊಟ್ಟೆ, ತೂಕ, ಚುಚ್ಚುಮದ್ದು, ಪಾಠ ಎಲ್ಲ ಮನೆ ಹತ್ರವೇ ಸಿಕ್ಕರೆ ಒಳ್ಳೇದಲ್ವಾ?" ಅಂತ ಕೇಳಿದೆವು. ಮನವಿಗೆ ಅವರೇ ಸಹಿ ಹಾಕಿದರು. 2024ರಲ್ಲಿ ಇದೇ ವಿಷಯಕ್ಕೆ ಬೆಂಗಳೂರಿನಲ್ಲಿ ಸಂಘಗಳ ಧರಣಿ ನಡೆಯಿತು. ಜುಲೈನಲ್ಲಿ ಅಲ್ಲಿನ 250 ಅಂಗನವಾಡಿಗಳಲ್ಲೇ ಸರ್ಕಾರ ಎಲ್‌ಕೆಜಿ, ಯುಕೆಜಿ ಶುರು ಮಾಡಿತು.

ಒಂದೇ ಪಕ್ಷದ ಹಿಂದೆ ಬೀಳಬೇಡಿ. ನಮ್ಮ ಸಂಘಕ್ಕೆ ಒಂದು ಬಣ್ಣ ಇದೆ, ಅದೇನು ಗುಟ್ಟಲ್ಲ. ಆದರೂ ಎಲ್ಲರ ಕಚೇರಿಯ ಮೆಟ್ಟಿಲು ಹತ್ತಿ.

ಕೋರ್ಟಿನ ತೀರ್ಪು ಇದ್ದರೆ ಪ್ರತಿ ಜೊತೆಗಿಡಿ. ಅಂಗನವಾಡಿಯವರಿಗೂ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡುಗಂಟು, ಉಂಟು ಅಂತ ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಹೇಳಿತ್ತು. 2023ರ ಜನವರಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಕೂತಾಗ ಆ ತೀರ್ಪೇ ನಮ್ಮ ಬಲ.

ಗೆದ್ದವರು ಮರೆಯುತ್ತಾರೆ. ಆಗ ವಿರೋಧ ಪಕ್ಷದ ಎಂಎಲ್‌ಎ ಹಿಡಿದು ವಿಧಾನಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಮಂತ್ರಿ ಸದನದಲ್ಲೇ ಎದ್ದು ಉತ್ತರಿಸಬೇಕಾದ ಪ್ರಶ್ನೆ, ಹಾಕಿಸಿ. ಮಂತ್ರಿಗಳ ಉತ್ತರ ಕಡತಕ್ಕೆ ಹೋಗುತ್ತದೆ. ಮುಂದಿನ ಮನವಿಗೆ ಅದನ್ನೇ ಲಗತ್ತಿಸಿ. ಬಜೆಟ್ ಮಾರ್ಚ್‌ನಲ್ಲಿದ್ದರೆ ಡಿಸೆಂಬರ್‌ನಲ್ಲೇ ಓಡಾಡಿ. ಫೆಬ್ರುವರಿಯಲ್ಲಿ ಹೋದರೆ ಚಹಾ ಮಾತ್ರ ಸಿಗುತ್ತದೆ.

ಇನ್ನೊಂದು ಮಾತು. ಮನವಿ ಕೊಟ್ಟು ಫೋಟೋ ತೆಗೆಸಿಕೊಂಡು ಬರಬೇಡಿ. ನಿಮ್ಮ ಪ್ರತಿಯ ಮೇಲೆ ತಾರೀಖು ಹಾಕಿಸಿ, ಸಹಿ, ಸೀಲು ತಗೊಳ್ಳಿ. ಎರಡು ಪೆನ್ ಇಟ್ಟುಕೊಂಡು ಹೋಗಿ. ಸಹಿ ಮಾಡುವವರ ಹತ್ತಿರ ಪೆನ್ ಯಾವತ್ತೂ ಇರುವುದಿಲ್ಲ.