ಫ್ರೆಂಚ್ ನಾಟಕದ ಸ್ಟೇಜ್ ಪದಗಳನ್ನ ಇಂಗ್ಲಿಷ್‌ಗೆ ತರೋದು ಹೇಗೆ

ಫ್ರೆಂಚ್ ಸ್ಕ್ರಿಪ್ಟ್ ಸಿಕ್ಕಿದ ತಕ್ಷಣ ಡೈಲಾಗ್‌ಗೆ ಕೈ ಹಾಕ್ಬೇಡಿ. ಮೊದ್ಲು ಪೆನ್ಸಿಲ್ ಹಿಡ್ಕೊಂಡು ಯಾರು ಎಲ್ಲಿಂದ ಬರ್ತಾರೆ, ಎಲ್ಲಿಗೆ ಹೋಗ್ತಾರೆ ಅನ್ನೋ ಸೂಚನೆಗಳನ್ನೆಲ್ಲ ಗುರುತು ಹಾಕಿ, ಯಾಕಂದ್ರೆ ಡೈಲಾಗ್ ಸ್ವಲ್ಪ ಸಪ್ಪೆ ಆದ್ರೂ ನಟರು ಹೇಗೋ ಎತ್ಕೊಂಡು ಹೋಗ್ತಾರೆ, ಎಡ ಬಲ ಅದಲು ಬದಲಾದ್ರೆ ಮಾತ್ರ ಸೆಟ್ಟಲ್ಲಿ ಬಾಗ್ಲು ಒಂದ್ ಕಡೆ, ನಟ ಇನ್ನೊಂದ್ ಕಡೆ.

ಜಾಸ್ತಿ ಕಾಟ ಕೊಡೋದು 'ಕೋತೆ ಕೂರ್' ಮತ್ತೆ 'ಕೋತೆ ಜಾರ್ದಾಂ', ಅಂದ್ರೆ ಅಂಗಳದ ಕಡೆ, ತೋಟದ ಕಡೆ. ಕೊಮೆದಿ ಫ್ರಾಂಸೇಜ್ ತಂಡ 1770ರಲ್ಲಿ ಪ್ಯಾರಿಸ್‌ನ ತ್ವಿಲರಿ ಅರಮನೆ ಥಿಯೇಟರ್‌ಗೆ ಬಂದಾಗ ಸ್ಟೇಜಿನ ಒಂದು ಪಕ್ಕ ಅಂಗಳ, ಇನ್ನೊಂದು ಪಕ್ಕ ತೋಟ ಇತ್ತು, ಹೆಸರು ಅಲ್ಲಿಂದ ಅಂಟ್ಕೊಂಡಿದ್ದು. ಅದಕ್ಕೂ ಮುಂಚೆ ರಾಜನ ಕಡೆ, ರಾಣಿ ಕಡೆ ಅಂತಿದ್ರು. ಪ್ರೇಕ್ಷಕರ ಸೀಟಲ್ಲಿ ಕೂತು ನೋಡಿದ್ರೆ ಜಾರ್ದಾಂ ಎಡಕ್ಕೆ, ಕೂರ್ ಬಲಕ್ಕೆ, ಫ್ರೆಂಚಲ್ಲಿ ಜಾರ್ದಾಂ ಶುರುವಾಗೋದು ಜೆ ಇಂದ, ಕೂರ್ ಸಿ ಇಂದ, ಹಾಗಾಗಿ ಫ್ರೆಂಚರು ಜೀಸಸ್ ಕ್ರೈಸ್ಟ್ ಹೆಸರಿನ ಮೊದಲಕ್ಷರ ಜೆ, ಸಿ ಅಂತ ಎಡದಿಂದ ಬಲಕ್ಕೆ ನೆನಪಿಟ್ಕೋತಾರೆ. ಇಂಗ್ಲಿಷ್ ಲೆಕ್ಕ ಪ್ರೇಕ್ಷಕರ ಕಡೆ ಮುಖ ಮಾಡಿ ನಿಂತ ನಟನದ್ದು, ಹಾಗಾಗಿ ಕೂರ್ ಅಂದ್ರೆ ಸ್ಟೇಜ್ ಲೆಫ್ಟ್, ಜಾರ್ದಾಂ ಅಂದ್ರೆ ಸ್ಟೇಜ್ ರೈಟ್. ಹಳೇ ಪ್ರಹಸನಗಳಲ್ಲಿ ಬರೀ 'ಎಡಕ್ಕೆ' ಅಂತಿದ್ರೆ ಬಹುಪಾಲು ಅದು ಪ್ರೇಕ್ಷಕರ ಎಡ, ಆದ್ರೂ ಮೊದಲನೇ ಅಂಕದ ಸೆಟ್ ವಿವರಣೆ ಇಟ್ಕೊಂಡು ಒಂದು ಸ್ಕೆಚ್ ಹಾಕಿ ನೋಡಿ, ಆಮೇಲೆ ಬರೀರಿ. 'ಫಾಸ್' ಡೌನ್‌ಸ್ಟೇಜ್, ಅಂದ್ರೆ ಪ್ರೇಕ್ಷಕರ ಹತ್ರದ ಮುಂಭಾಗ, 'ಲ್ವಾಂತಾಂ' ಅಪ್‌ಸ್ಟೇಜ್, ಅಂದ್ರೆ ಸ್ಟೇಜಿನ ಹಿಂಭಾಗ, ಇದ್ರಲ್ಲಿ ತಲೆಬಿಸಿ ಇಲ್ಲ.

ಜನರ ವಿಷ್ಯಕ್ಕೆ ಬಂದ್ರೆ, ನಾಟಕ ಆಡಿಸೋ ಡೈರೆಕ್ಟರ್ 'ಮೆತ್ತರ್ ಆಂ ಸೆನ್'. 'ದಿರೆಕ್ತರ್' ಅಂತ ಕಂಡ್ರೆ ಅವ್ರು ಥಿಯೇಟರ್ ಮುಖ್ಯಸ್ಥರು, ಕಣ್ಮುಚ್ಚಿ ಡೈರೆಕ್ಟರ್ ಅಂತ ಹಾಕಿದ್ರೆ ಕೆಲಸ ಕೆಡತ್ತೆ. 'ರೆಜಿಸರ್' ಸ್ಟೇಜ್ ಮ್ಯಾನೇಜರ್, ಆದ್ರೆ ಮುಂದೆ ಲೈಟೋ ಸೌಂಡೋ ಸೇರಿದ್ರೆ ಆಯಾ ಟೆಕ್ನಿಶಿಯನ್. 'ಕೊಮೆದಿಯಾಂ' ಬರೀ ನಟ, ದುರಂತ ನಾಟಕದಲ್ಲಿ ಗೋಳಾಡ್ತಿದ್ರೂ ಅದೇ ಹೆಸ್ರು.

ರಿಹರ್ಸಲ್‌ಗಳಲ್ಲಿ 'ಜೆನೆರಾಲ್' ಅಂದ್ರೆ ಕೊನೇ ಡ್ರೆಸ್ ರಿಹರ್ಸಲ್. ಅದರ ಮುಂಚಿನದು 'ಕುತ್ಯುರಿಯೆರ್', ಕಾಸ್ಟ್ಯೂಮ್ ಹೊಲಿಯೋರು ಕೂತು ಕೊನೇ ತಿದ್ದುಪಡಿ ನೋಡ್ಕೊಳ್ಳೋ ದಿನ. ಇಂಗ್ಲಿಷಲ್ಲಿ ಇದಕ್ಕೆ ನೇರ ಪದ ಇಲ್ಲ, ಮೊದಲ ಡ್ರೆಸ್ ರಿಹರ್ಸಲ್ ಅಂತ ಹಾಕಿ ಮುಂದೆ ಹೋಗಿ. 'ಇತಾಲಿಯೆನ್' ಅಂದ್ರೆ ಓಡಾಟ, ಭಾವ ಏನೂ ಇಲ್ದೆ ಪಟಪಟ ಡೈಲಾಗ್ ಒಪ್ಪಿಸೋದು, ಲೈನ್ ರನ್ ಸಾಕು.

ಹದಿನೇಳನೇ ಶತಮಾನದ ಫ್ರೆಂಚ್ ನಾಟಕಕಾರ ಮೋಲಿಯೇರ್ ಕಾಲದ ನಾಟಕಗಳಲ್ಲಿ ಪಾತ್ರ ಬಂದಾಗ, ಹೋದಾಗೆಲ್ಲ ಹೊಸ ಸೀನ್ ನಂಬರ್ ಬೀಳತ್ತೆ. ಜಾಗ ಬದಲಾಗಿಲ್ಲ ಅಂತ ಅವನ್ನೆಲ್ಲ ಒಂದೇ ಸೀನಿಗೆ ಸೇರಿಸ್ಬೇಡಿ, ಇಂಗ್ಲಿಷ್ ರಂಗದವರೂ ಇದನ್ನ 'ಫ್ರೆಂಚ್ ಸೀನ್' ಅಂತಲೇ ಕರೆದು ರಿಹರ್ಸಲ್ ಹಂಚ್ಕೊಳ್ಳೋಕೆ ಬಳಸ್ತಾರೆ.

ಸೀಟುಗಳ ಹೆಸರಿಗೆ ಮಾತ್ರ ಓದೋರು ಬ್ರಿಟನ್ನೋ ಅಮೆರಿಕಾನೋ ಅಂತ ಕೇಳ್ಕೊಳ್ಳಿ. 'ಓರ್ಕೆಸ್ತ್ರ್' ಲಂಡನ್‌ನಲ್ಲಿ ಸ್ಟಾಲ್ಸ್, ನ್ಯೂಯಾರ್ಕಲ್ಲಿ ಆರ್ಕೆಸ್ಟ್ರಾ. 'ಪುಲಾಯೆ' ಅಂದ್ರೆ ಕೋಳಿಗೂಡು, ನಮ್ಮ ಗಾಂಧಿ ಕ್ಲಾಸ್ ಥರ ಅಗ್ಗದ ಸೀಟು, ಏನಂದ್ರೆ ಮುಂದೆ ಅಲ್ಲ, ಮೇಲೆ ಛಾವಣಿ ಹತ್ರ. ಬ್ರಿಟಿಷರಿಗೆ 'ದ ಗಾಡ್ಸ್' ಅನ್ನಿ, ಅಮೆರಿಕದವರಿಗೆ ಗ್ಯಾಲರಿ.