ಗಂಟುಗಳಿಗೆ ಬೇಕಾದ ಚಲನೆ, ಸ್ನಾಯುಗಳಿಗೆ ಬೇಕಾದ ಊಟ

ಮೊಣಗಂಟು ನೋಯತೊಡಗಿದೊಡನೆ ನಡೆದಾಟವನ್ನೇ ಬಿಟ್ಟು ಜಗಲಿಯಲ್ಲಿ ಕುಳಿತುಬಿಡುವವರು ನಮ್ಮ ಕಾಸರಗೋಡಿನ ಮನೆಗಳಲ್ಲಿ ಕಡಿಮೆಯೇನಿಲ್ಲ. ಆದರೆ ಕೀಲಿನೊಳಗೆ ಎಲುಬಿನ ತುದಿಗಳನ್ನು ಹೊದ್ದಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲು ಮಡಚಿ ಬಿಡಿಸುವಾಗ, ಅದರ ಮೇಲೆ ಭಾರ ಬಿದ್ದು ಇಳಿಯುವಾಗ, ಸುತ್ತಲಿನ ದ್ರವದಿಂದ ಅದು ತನಗೆ ಬೇಕಾದ ಪೋಷಕಾಂಶಗಳನ್ನು ಹೀರಿಕೊಳ್ಳುತ್ತದೆ. ಅಲುಗಾಡದೆ ಕುಳಿತರೆ ಕೀಲು ಬಿಗಿಯುವುದಷ್ಟೇ ಅಲ್ಲ, ಅದಕ್ಕೆ ಆಸರೆಯಾದ ತೊಡೆಯ ಸ್ನಾಯುಗಳೂ ಸೊರಗುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆಯನ್ನೂ, ಕನಿಷ್ಠ 2 ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನೂ ಹೇಳುತ್ತದೆ. ಇದನ್ನು ವರ್ಷಗಟ್ಟಲೆ ನಡೆಸಿಕೊಂಡು ಹೋಗಬೇಕಾದರೆ ಮನಸ್ಸಿಗೆ ಒಗ್ಗುವ ಚಲನೆಯನ್ನೇ ಆರಿಸಿಕೊಳ್ಳಬೇಕು. ಯಕ್ಷಗಾನದಲ್ಲಿ ಪ್ರೀತಿಯುಳ್ಳವರು ತೆಂಕುತಿಟ್ಟಿನ ಹೆಜ್ಜೆಗಳನ್ನು ಕಲಿಯಬಹುದು. ಚೆಂಡೆ ಮದ್ದಳೆಗಳ ಲಯಕ್ಕೆ ಹೆಜ್ಜೆ ಹಾಕುವಾಗ ತೊಡೆ, ಮೀನಖಂಡ, ಭುಜಗಳಿಗೆ ಒಟ್ಟಿಗೇ ಕೆಲಸ ದೊರೆಯುತ್ತದೆ, ಸಮತೋಲನವೂ ಪಳಗುತ್ತದೆ. ಗಂಟುನೋವಿರುವವರು ಗಿರಕಿ ಹೊಡೆಯುತ್ತ ಜಿಗಿಯುವ ಧೀಂಗಿಣವನ್ನು ಮಾತ್ರ ಬಿಡಬೇಕು. ಬೇಕಲದ ಕಡಲತೀರದಲ್ಲಿ ನಡೆಯುವವರು ಕಾಲು ಹೂತುಹೋಗುವ ಒಣಮರಳನ್ನು ಬಿಟ್ಟು, ಅಲೆ ತಾಗಿ ಗಟ್ಟಿಯಾದ ಮರಳಿನಲ್ಲಿ ನಡೆಯಲಿ. ಪೊಸಡಿ ಗುಂಪೆಯಂತಹ ಗುಡ್ಡಗಳಲ್ಲಿ ಏರುವಾಗಿನದಕ್ಕಿಂತ ಇಳಿಯುವಾಗ ಮೊಣಗಂಟಿಗೆ ಹೆಚ್ಚು ಪೆಟ್ಟು. ಕೋಲೂರಿ, ಸಣ್ಣ ಹೆಜ್ಜೆಗಳನ್ನಿಟ್ಟು ಇಳಿಯಬೇಕು.

ಅಡಿಕೆ ಸುಲಿಯುವ ದಿನಗಳಲ್ಲಿ ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕುಳಿತು ದಣಿಯುವುದನ್ನು ವ್ಯಾಯಾಮವೆಂದು ಎಣಿಸಲಾಗದು. ಅರ್ಧ ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ಒಂದು ಸುತ್ತು ಬನ್ನಿ. ತೊಡೆಯ ಬಲಕ್ಕೆ ನಾನು ಎಲ್ಲಕ್ಕಿಂತ ಮೆಚ್ಚುವುದು ಕುರ್ಚಿಯಿಂದ ಏಳುವ ಅಭ್ಯಾಸವನ್ನು: ಗೋಡೆಗೆ ತಾಗಿಸಿಟ್ಟ ಕುರ್ಚಿಯಲ್ಲಿ ಕುಳಿತು, ಪಾದಗಳನ್ನು ಭುಜದಷ್ಟು ಅಗಲಕ್ಕಿರಿಸಿ, ಕೈಯೂರದೆ ಎದ್ದು, ನಿಧಾನವಾಗಿ ಮತ್ತೆ ಕುಳಿತುಕೊಳ್ಳಿ. 8ರಿಂದ 10 ಬಾರಿ ಮಾಡಿ, ದಣಿವಾರಿಸಿಕೊಂಡು ಇನ್ನೊಂದು ಸರದಿ ಮಾಡಿ. ಹೆಚ್ಚಿದ ನೋವು ಮರುದಿನವೂ ಉಳಿದರೆ ಸಂಖ್ಯೆಯನ್ನು ಅರ್ಧಕ್ಕಿಳಿಸಿ.

ಊಟದಲ್ಲಿ ಮೊದಲು ನೋಡಬೇಕಾದದ್ದು ಪ್ರೋಟೀನ್. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ, ಅಂದರೆ 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ ಬೇಕು. ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿಯಷ್ಟೇ ನೆಂಜಿಕೊಂಡರೆ ಇದು ದೊರೆಯದು. ಗಂಜಿಯೊಂದಿಗೆ ಬೇಯಿಸಿದ ಹೆಸರುಕಾಳಿರಲಿ. ಹುರುಳಿಯ ಕಟ್ಟಿನಿಂದ ಸಾರು ಮಾಡಿ ಕಾಳನ್ನು ದನಕ್ಕೆ ಹಾಕುವ ರೂಢಿ ಹಲವು ಮನೆಗಳಲ್ಲಿದೆ. ಪ್ರೋಟೀನಿನ ಬಹುಪಾಲು ಕಾಳಿನಲ್ಲೇ ಉಳಿಯುವುದರಿಂದ ಅದನ್ನು ಪಲ್ಯ ಮಾಡಿ ಉಣ್ಣಬೇಕು. ಮೀನು ತಿನ್ನುವವರಿಗೆ ಬೂತಾಯಿಯಲ್ಲಿ ಪ್ರೋಟೀನ್, ಒಮೆಗಾ-3 ಕೊಬ್ಬು, ವಿಟಮಿನ್ ಡಿ ಮೂರೂ ಸಿಗುತ್ತವೆ, ಆದರೆ ಯೂರಿಕ್ ಆಮ್ಲ ಹೆಚ್ಚಿರುವವರು ಅದನ್ನು ಮಿತಗೊಳಿಸಬೇಕು. ಎಲುಬಿಗೆ ಬೇಕಾದ ಕ್ಯಾಲ್ಸಿಯಂ ರಾಗಿ, ಎಳ್ಳು, ಮೊಸರುಗಳಿಂದ ದೊರೆಯುತ್ತದೆ. ಮೈತೂಕ ಹೆಚ್ಚಿರುವವರು ಒಂದು ಕಿಲೋ ಇಳಿಸಿದರೂ, ಪ್ರತಿ ಹೆಜ್ಜೆಯಲ್ಲಿ ಮೊಣಗಂಟಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋದಷ್ಟು ಇಳಿಯುತ್ತದೆ.

ಗಂಟು ಬಾತು ಕೆಂಪೇರಿ ಬಿಸಿಯಾದರೆ, ಜೊತೆಗೆ ಜ್ವರ ಬಂದರೆ, ಇಲ್ಲವೇ ಬೆಳಗಿನ ಬಿಗಿತವು ದಿನವೂ ಅರ್ಧ ಗಂಟೆಯನ್ನು ಮೀರಿ ಉಳಿಯುತ್ತಿದ್ದರೆ, ವ್ಯಾಯಾಮವನ್ನು ನಿಲ್ಲಿಸಿ ತಡಮಾಡದೆ ವೈದ್ಯರನ್ನು ಕಾಣಬೇಕು.