ಡೇಟಾಬೇಸ್ ಸೈಟಿನ ಪುಟಗಳು ಗೂಗಲ್‌ನಲ್ಲಿ ಸಿಗದಿದ್ದಾಗ: ನನ್ನ ಅನುಭವ

ಭಾಂಡುಪ್‌ನಲ್ಲಿರುವ ನಮ್ಮ ಮಾವನ ಅಂಗಡಿ ಮುಂಬೈಯ ಉಡುಪಿ ಹೋಟೆಲುಗಳಿಗೆ ಗ್ರೈಂಡರ್, ಇಡ್ಲಿ ಸ್ಟೀಮರ್ ಮಾರುತ್ತದೆ. ಸೈಟು ಪಿಎಚ್‌ಪಿ (ಪುಟ ಕಟ್ಟುವ ಭಾಷೆ), ಮೈಎಸ್‌ಕ್ಯೂಎಲ್ (ಡೇಟಾಬೇಸ್) ಮೇಲೆ ನಡೆಯುತ್ತದೆ. ಗೂಗಲ್‌ನಲ್ಲಿ ಮುಖಪುಟ ಸಿಗುತ್ತಿತ್ತು, ಸಾಮಾನಿನ ಪುಟಗಳು ಇಲ್ಲವೇ ಇಲ್ಲ. ಸೈಟಿನ ಸ್ಥಿತಿ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್ ‘ಕ್ರಾಲ್ ಆಗಿದೆ, ಸದ್ಯ ಇಂಡೆಕ್ಸ್ ಆಗಿಲ್ಲ’ ಎನ್ನುತ್ತಿತ್ತು, ಅಂದ್ರೆ ಗೂಗಲ್ ಪುಟ ಓದಿದೆ, ಹುಡುಕಾಟದ ಪಟ್ಟಿಗೆ ಸೇರಿಸಿಲ್ಲ.

ಸೈಟ್‌ಮ್ಯಾಪ್ (ಪುಟಗಳ ವಿಳಾಸಪಟ್ಟಿ) ಮತ್ತೆ ಮತ್ತೆ ಕೊಟ್ಟರೂ ಆಗಲಿಲ್ಲ. ಪುಟದ ಕೋಡಿನಲ್ಲಿ ಹುಡುಕುಪದ ಬರೆಯುವ ಕೀವರ್ಡ್ಸ್ ಟ್ಯಾಗ್ ತುಂಬುವುದು ಸುಮ್ನೆ ಕೆಲಸ, ರ‍್ಯಾಂಕಿಂಗ್‌ಗೆ ಅದನ್ನು ನೋಡಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಯಾವ ಪುಟ ಓದಬಾರದು ಎಂದು ಗೂಗಲ್‌ಗೆ ಹೇಳುವ ರೋಬೋಟ್ಸ್ ಫೈಲಿನಲ್ಲಿ ಪ್ರಶ್ನೆ ಚಿಹ್ನೆಯ ವಿಳಾಸಗಳನ್ನು ತಡೆದರೂ ಪ್ರಯೋಜನವಿಲ್ಲ, ಯಾಕಂದ್ರೆ ತಡೆದ ಪುಟದೊಳಗಿನ ಕ್ಯಾನೋನಿಕಲ್ ಟ್ಯಾಗನ್ನು (ಪುಟದ ಅಸಲಿ ವಿಳಾಸ ಯಾವುದೆಂದು ಹೇಳುವ ಸಾಲು) ಗೂಗಲ್ ಓದಲು ಆಗುವುದಿಲ್ಲ.

ಸುಳಿವು ಸಿಕ್ಕಿದ್ದು ಸೈಟಿಗೆ ಬಂದ ಪ್ರತಿ ಭೇಟಿ ದಾಖಲಾಗುವ ಸರ್ವರ್ ಲಾಗ್‌ನಲ್ಲಿ. ಹತ್ತು ಲೀಟರಿನ ಒಂದೇ ಗ್ರೈಂಡರ್‌ಗೆ ಐಡಿ (ಸಾಮಾನಿನ ಸಂಖ್ಯೆ), ಸಾರ್ಟ್ (ಪಟ್ಟಿಯ ಕ್ರಮ), ಸೆಷನ್ (ಭೇಟಿಯ ಗುರುತು) ಸೇರಿಕೊಂಡು ಹತ್ತಾರು ವಿಳಾಸ! ಯಾವುದು ಅಸಲಿ ಅಂತ ಗೂಗಲ್‌ಗೆ ಗೊಂದಲ.

ಸರಿಮಾಡುವಾಗ ಕ್ರಮ ಮುಖ್ಯ. ಮೊದಲು ರೋಬೋಟ್ಸ್ ತಡೆ ತೆಗೆಯಿರಿ. ಆಮೇಲೆ ಪಿಎಚ್‌ಪಿ ಸೆಟ್ಟಿಂಗ್‌ನಲ್ಲಿ ‘ಯೂಸ್ ಟ್ರಾನ್ಸ್ ಎಸ್‌ಐಡಿ’ 0, ‘ಯೂಸ್ ಓನ್ಲಿ ಕುಕೀಸ್’ 1 ಮಾಡಿ, ಸೆಷನ್ ವಿಳಾಸದಿಂದ ಹೋಗುತ್ತದೆ. ಡೇಟಾಬೇಸ್ ಟೇಬಲ್‌ನಲ್ಲಿ ಸ್ಲಗ್ (ವಿಳಾಸದಲ್ಲಿ ಬರುವ ಸಾಮಾನಿನ ಹೆಸರು) ಕಾಲಂ ಸೇರಿಸಿ, ಒಂದೇ ಸ್ಲಗ್ ಎರಡು ಸಲ ಬರದಂತೆ ಯೂನಿಕ್ ಇಂಡೆಕ್ಸ್ ಹಾಕಿ, ಹಳೇ ಐಡಿ ವಿಳಾಸದಿಂದ ಹೊಸ ಸ್ಲಗ್ ವಿಳಾಸಕ್ಕೆ ನೇರ 301 (ಶಾಶ್ವತ ರೀಡೈರೆಕ್ಟ್) ಕೊಡಿ, ನಡುವೆ ಇನ್ನೊಂದು ಜಿಗಿತ ಬೇಡ. ಸಾಮಾನಿನ ಪುಟಕ್ಕೆ ಸಾರ್ಟ್‌ನಂಥ ಬಾಲ ಅಂಟಿ ಬಂದರೆ ಕ್ಯಾನೋನಿಕಲ್ ಸ್ಲಗ್ ವಿಳಾಸವನ್ನೇ ತೋರಿಸಬೇಕು. ಡೇಟಾಬೇಸ್‌ನಲ್ಲಿ ಇಲ್ಲದ ಸಾಮಾನಿಗೆ ನಮ್ಮ ಸೈಟು ಖಾಲಿ ಪುಟದ ಜೊತೆ 200 (‘ಪುಟ ಇದೆ’ ಎಂಬ ಸಂಕೇತ) ಕಳಿಸುತ್ತಿತ್ತು. ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ, ಅಲ್ಲಿ 404 (‘ಪುಟ ಇಲ್ಲ’) ಬರಲೇಬೇಕು. ಸೈಟ್‌ಮ್ಯಾಪ್ ಕೊನೆಗೆ: ಸ್ಲಗ್ ವಿಳಾಸ ಮಾತ್ರ, ಒಂದು ಫೈಲಿಗೆ 50,000 ಮೀರದಂತೆ, ಲಾಸ್ಟ್‌ಮಾಡ್ (ಪುಟ ಕೊನೆಗೆ ಬದಲಾದ) ತಾರೀಖು ಟೇಬಲ್‌ನಿಂದಲೇ.

ಸರ್ಚ್ ಕನ್ಸೋಲಿನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಗೂಗಲ್ ಆರಿಸಿದ ಕ್ಯಾನೋನಿಕಲ್ ನಿಮ್ಮ ಸ್ಲಗ್ ವಿಳಾಸವೇ ಆಗಿದ್ದರೆ ವಿಳಾಸದ ಗೊಂದಲ ಮುಗಿದಿದೆ ಎಂದರ್ಥ.